ಊರು ಉಳಿಯಿತು, ಅವಳ ಕಥೆ ಏನಾಯಿತು?

ಓದು-ಬರಹದ ಬಗ್ಗೆ ಓದುಗರ ಪ್ರಶ್ನೆಗಳು. ಈ ಸಲ ಬಂದವುಗಳಲ್ಲಿ ನಾಲ್ಕು ಪತ್ರಗಳು ಬೇರೆ ಬೇರೆ ಊರಿನಿಂದ ಬಂದಿದ್ದರೂ ಒಂದೇ ಕಡೆಗೆ ಕೈ ತೋರಿಸುತ್ತಿದ್ದವು. ಹಾಗಾಗಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಟೀಚರ್, ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ, ಹಸ್ತಪ್ರತಿ ಜೊತೆಗೆ ಕಳಿಸಿದ್ದೇನೆ. ಕಡಲು ಏರಿ ಬಂದು ಉಳ್ಳಾಲದಿಂದ ಮಲ್ಪೆಯವರೆಗಿನ ಊರುಗಳನ್ನು ನುಂಗುತ್ತಿದೆ. ಸೋಮೇಶ್ವರದ ಹುಡುಗಿ ಜಾನಕಿ ತನ್ನ ಸಂತೋಷವನ್ನೆಲ್ಲ ಕಡಲಿಗೆ ಒಪ್ಪಿಸಿದರೆ ನೀರು ಹಿಂದೆ ಸರಿಯುತ್ತದೆ. ಅವಳು ಸಾಯುವುದಿಲ್ಲ, ಆದರೆ ಮತ್ತೆ ಜೀವಮಾನದಲ್ಲಿ ಯಾವುದರಿಂದಲೂ ಅವಳಿಗೆ ಖುಷಿಯಾಗುವುದಿಲ್ಲ. ಅವಳ ಜಾತಕದಲ್ಲೇ ಹಾಗೆ ಬರೆದಿದೆ. ಕೊನೆಯ ಅಧ್ಯಾಯ ಓದಿ ಗೆಳತಿಯರು ಅತ್ತುಬಿಟ್ಟರು. ಅಜ್ಜಿಗೆ ಓದಿ ಹೇಳಿದೆ. ಅವರು "ಅವಳನ್ನು ಯಾರಾದರೂ ಒಂದು ಮಾತು ಕೇಳಿದರಾ?" ಅಂದು ಎದ್ದು ಹೋದರು. ಆಮೇಲೆ ನನಗೆ ಬರೆಯಲಿಕ್ಕೇ ಆಗುತ್ತಿಲ್ಲ. ಏನು ಮಾಡಲಿ?
— ಎಸ್., ಸುರತ್ಕಲ್

ಉತ್ತರ: ನಿಮ್ಮ ಅಜ್ಜಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಗೆಳತಿಯರ ಕಣ್ಣೀರು ಸುಳ್ಳಲ್ಲ. ಜಾನಕಿ ಎಷ್ಟು ಕಳೆದುಕೊಂಡಳು ಎಂದು ನೋಡಿ ಅವರು ಅತ್ತರು. ಅಜ್ಜಿ ನೋಡಿದ್ದು ಅವಳನ್ನು ಮುಂದಕ್ಕೆ ತಳ್ಳಿದ ಕೈಯನ್ನು. ಲೋಕ ಉಳಿಸಲು ಒಬ್ಬರನ್ನು ಕೊಡುವ ಕಥೆಗಳನ್ನು ಓದುವಾಗಲೆಲ್ಲ ನಾನೂ ಮೊದಲು ಹುಡುಕುವುದು ಆ ಕೈಯನ್ನೇ.

'ಕೆರೆಗೆ ಹಾರ' ಹಾಡನ್ನು ಶಾಲೆಯಲ್ಲಿ ಓದಿರುತ್ತೀರಿ. ಇನ್ನೊಮ್ಮೆ ಓದಿ, ಈ ಸಲ ಕಥೆ ಬರೆಯುವವಳಾಗಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಸೊಸೆಯನ್ನು ಕೆರೆಗೆ ಹಾರ, ಅಂದರೆ ಬಲಿ, ಕೊಡಬೇಕು ಎಂದು ಹೊತ್ತಿಗೆ ನೋಡಿದವರು ಹೇಳುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರಿದ್ದಾರೆ? ಹಾಗಾದರೆ ಕಿರಿಸೊಸೆ ಭಾಗೀರಥಿ. ತೀರ್ಮಾನ ಅಷ್ಟು ಬೇಗ ಮುಗಿದುಹೋಗುತ್ತದೆ. ಆಮೇಲೆ ಹಾಡಿಗೆ ಅವಸರವೇ ಇಲ್ಲ. ಅವಳು ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆ-ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಅವ್ವ ಒಡವೆಯ ಮಾತಾಡುತ್ತಾಳೆ. ನಿಜ ಸಂಗತಿ ಹೊರಬರುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿಯೂ ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ. ಕೆರೆ ತುಂಬುವ ಕಡೆಗಿಂತ ಈ ಗೆಳತಿಯ ಮಾತಿನಲ್ಲಿ ನನ್ನ ಎದೆ ಒಡೆಯುತ್ತದೆ. ಭಾಗೀರಥಿಗೆ ಹೋಗಲು ಇನ್ನೊಂದು ಮನೆ ಉಳಿದಿಲ್ಲ. ಅವಳು ಮೆಟ್ಟಿಲಿಳಿಯುವ ಮೊದಲೇ ಹಾಡು ಎಲ್ಲ ಬಾಗಿಲುಗಳನ್ನೂ ಮುಚ್ಚಿಬಿಟ್ಟಿದೆ.

ಇದಕ್ಕಿಂತ ಬಹಳ ಹಳೆಯದು ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥದ ಶುನಃಶೇಪನ ಕಥೆ. ಹರಿಶ್ಚಂದ್ರ ವರುಣನಿಗೆ ಕೊಡಬೇಕಾಗಿದ್ದ ಮಗ ರೋಹಿತನ ಬದಲಿಗೆ ಕೊಡಲು ಒಬ್ಬ ಹುಡುಗ ಬೇಕು. ಬಡವ ಅಜೀಗರ್ತನಿಗೆ ಮೂರು ಗಂಡುಮಕ್ಕಳು. ಹಿರಿಯವನನ್ನು ಅಪ್ಪ ಬಿಡಲೊಲ್ಲ, ಕಿರಿಯವನನ್ನು ಅಮ್ಮ ಬಿಡಲೊಲ್ಲಳು. ಉಳಿದವನು ನಡುವಿನವನು, ಶುನಃಶೇಪ. ಬೆಲೆ 100 ಹಸು. ಯೂಪಕ್ಕೆ, ಅಂದರೆ ಬಲಿಗಂಬಕ್ಕೆ, ಅವನನ್ನು ಕಟ್ಟಲು ಯಾರೂ ಒಪ್ಪದಾಗ ಇನ್ನೂ 100 ಕೊಟ್ಟರೆ ತಾನೇ ಕಟ್ಟುತ್ತೇನೆ ಎಂದ ಅಪ್ಪ, ಕಡಿಯಲು ಮತ್ತೂ 100 ಕೇಳಿ ಕತ್ತಿ ಮಸೆದುಕೊಂಡು ಬರುತ್ತಾನೆ. ಹುಡುಗ ದೇವತೆಗಳನ್ನು ಸ್ತುತಿಸಿ ಬಿಡುಗಡೆಯಾದ ಮೇಲೆ ಅದೇ ಅಪ್ಪ ಬಾ ಮಗನೇ ಅಂತ ಕರೆದರೆ ಅವನು ಹೋಗುವುದಿಲ್ಲ. ನಿನಗೆ ನನಗಿಂತ 300 ಹಸು ಹೆಚ್ಚಾಯಿತು ಅನ್ನುತ್ತಾನೆ. ಆ ಒಂದು ಮಾತಿನಲ್ಲಿ ಬಲಿಪಶು ಮನುಷ್ಯನಾಗಿ ಎದ್ದು ನಿಲ್ಲುತ್ತಾನೆ. ನಿಮ್ಮ ಹಸ್ತಪ್ರತಿಯ ಕೊನೆಯ ಎರಡು ಅಧ್ಯಾಯಗಳಲ್ಲಿ ಜಾನಕಿ ಒಮ್ಮೆಯೂ ಬಾಯಿ ತೆರೆಯುವುದಿಲ್ಲ, ಗಮನಿಸಿದ್ದೀರಾ?

ಕಿರಿಸೊಸೆ, ನಡುವಿನ ಮಗ. ಕೈ ಹಿಡಿದು 'ಇವಳು ಬೇಡ' ಅನ್ನುವವರು ಯಾರಿಗೆ ಇಲ್ಲವೋ ಅವರೇ ಆರಿಸಲ್ಪಡುತ್ತಾರೆ. ನಿಮ್ಮ ಕಾದಂಬರಿ ಈ ಆಯ್ಕೆಯನ್ನು ಜಾತಕಕ್ಕೆ ವಹಿಸಿ ಕೈ ತೊಳೆದುಕೊಂಡಿದೆ. ಜಾತಕ ಬೇಕಾದರೆ ಇರಲಿ. ಅದನ್ನು ಓದಿದವರು ಯಾರು? ಆ ದಿನ ಎಷ್ಟು ಜಾತಕ ತರಿಸಿದ್ದರು? ಯಾವ ಮನೆಯದನ್ನು ತರಿಸಲೇ ಇಲ್ಲ? ಸೋಮೇಶ್ವರ, ಉಚ್ಚಿಲದ ಕಡೆ ಪ್ರತಿ ಮಳೆಗಾಲ ಕಡಲ್ಕೊರೆತ ಬಂದಾಗ ನೀವೂ ಹೋಗಿ ನೋಡಿರಬಹುದು. ಲಾರಿಯಲ್ಲಿ ಕಪ್ಪು ಬಂಡೆ ತಂದು ಸುರಿಯುತ್ತಾರೆ, ತೆಂಗಿನಮರ ಬುಡ ಸಮೇತ ಉರುಳುತ್ತದೆ, ಮೊದಲು ಹೋಗುವುದು ಎದುರು ಸಾಲಿನ ಮನೆ. ಕಲ್ಲು ಎಲ್ಲಿಂದ ಎಲ್ಲಿಯವರೆಗೆ ಹಾಕಬೇಕು ಎಂದು ಯಾರೋ ಕೂತು ಗೆರೆ ಎಳೆದಿರುತ್ತಾರೆ. ಗೆರೆಯ ಆಚೆ ಉಳಿದವರಿಗೆ ತಾವು ಯಾಕೆ ಆಚೆ ಉಳಿದೆವು ಅಂತ ಯಾರೂ ಹೇಳುವುದಿಲ್ಲ. ಜಾನಕಿಯ ಮನೆ ಆ ಸಾಲಿನಲ್ಲಿರಲಿ. ಗೆರೆ ಎಳೆದವರಿಗೂ ಮುಖ ಕೊಡಿ. ಅವರು ದುಷ್ಟರಾಗಬೇಕಿಲ್ಲ, ದಣಿದವರಾದರೂ ಸಾಕು.

ಇನ್ನು ಸಂತೋಷದ ಮಾತು. ಜೀವ ಕೊಡುವುದಕ್ಕಿಂತ ಸಂತೋಷ ಕೊಡುವುದು ಬರೆಯಲು ಕಷ್ಟ. ಸತ್ತವಳಿಗೆ ಊರು ಕಲ್ಲು ನಿಲ್ಲಿಸಿ ಹೂ ಇಡಬಹುದು. ಜಾನಕಿ ಬದುಕಿದ್ದಾಳೆ. ನಾಳೆ ಬೆಳಿಗ್ಗೆ ಅವಳು ಹಾಲಿನ ಡೈರಿಗೆ ಬರುತ್ತಾಳೆ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ, ಮದುವೆ ಊಟದ ಪಂಕ್ತಿಯಲ್ಲಿ ಎದುರಿಗಿರುತ್ತಾಳೆ. ಉಳಿದ ಊರಿಗೆ ಅವಳ ಮುಖ ನೋಡುವುದು ಹೇಗೆ? ಮೊದಲ ವಾರ ಮನೆ ಬಾಗಿಲಿಗೆ ಬಾಳೆಗೊನೆ, ಬೊಂಡ, ಹೊಸ ಸೀರೆ ಬರುತ್ತದೆ. ಆಮೇಲೆ ಸನ್ಮಾನ. ಆಮೇಲೆ ಅವಳು ಬಂದಾಗ ಮಾತು ನಿಲ್ಲುತ್ತದೆ, ಜನ ದಾರಿ ಬದಲಿಸುತ್ತಾರೆ. 'ಅವಳು ಮೊದಲಿನಿಂದಲೂ ಹಾಗೆಯೇ ಅಲ್ವಾ' ಎಂದು ಯಾರಾದರೂ ಒಬ್ಬರು ಹೇಳುವ ದಿನವೂ ಬರುತ್ತದೆ. ಆ ದಿನದವರೆಗೆ ಬರೆಯಿರಿ. ಕಡಲು ಹಿಂದೆ ಸರಿಯುವುದಕ್ಕೆ ಹನ್ನೆರಡು ಪುಟ ಕೊಟ್ಟಿದ್ದೀರಿ. ಅವಳ ಮರುದಿನಕ್ಕೆ ಒಂದು ಪ್ಯಾರಾ.

ಅದಕ್ಕೂ ಮೊದಲು ಅವಳಿಗೆ ಕಳೆದುಕೊಳ್ಳಲು ಏನಾದರೂ ಇರಬೇಕಲ್ಲ. 'ಅವಳ ನಗು ಬೆಳದಿಂಗಳು' ಎಂದು ಬರೆದಿದ್ದೀರಿ. ಅದು ಯಾರ ನಗುವೂ ಆಗಬಹುದು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವಾಗ ಅವಳ ಬೆರಳು ಲೆಕ್ಕ ಹೇಳದೆಯೇ ಓಡುತ್ತದೆ ಎನ್ನಿ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಟ್ಟಿ ಮುಗಿದಾಗ ಒಂದು ಮೊಗ್ಗು ಉಳಿದರೆ ಅದನ್ನು ತಮ್ಮನ ಕಿವಿಗೆ ಸಿಕ್ಕಿಸಿ ಅವಳು ನಗುತ್ತಾಳೆ. ಕಡಲಿಗೆ ಒಪ್ಪಿಸಿದ ಮೇಲೂ ಅವಳು ಅಷ್ಟೇ ಚೆನ್ನಾಗಿ ಹೂ ಕಟ್ಟುತ್ತಾಳೆ. ಮೊಗ್ಗು ಉಳಿಯುತ್ತದೆ, ತಮ್ಮ ಕಿವಿ ಮುಂದೆ ಮಾಡಿ ಕಾಯುತ್ತಾನೆ. ಇಷ್ಟು ಬರೆದರೆ 'ತ್ಯಾಗ' ಎಂಬ ಮಾತನ್ನು ನೀವು ಎಲ್ಲಿಯೂ ಬಳಸಬೇಕಾಗಿಲ್ಲ.

ನಮ್ಮ ತುಳುನಾಡಿನ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ಹಾಡುಗಳು, ಈ ಮರುದಿನವನ್ನು ಬಿಡುವುದಿಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕಥೆ ನೆನೆಯಿರಿ. ಇಂಥದ್ದು ಇನ್ನೊಂದು ಆಗಕೂಡದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಒಬ್ಬನ ಬಾಳು ಹೋಯಿತು, ನಾಡಿಗೆ ಕೀರ್ತಿ ಬಂತು ಎಂದು ಕಥೆ ಮುಗಿಯಬಹುದಿತ್ತು. ಮುಗಿಯುವುದಿಲ್ಲ. ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. (ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಇತಿಹಾಸದ ಲೆಕ್ಕಕ್ಕೆ ಇದು ಕೂಡುವುದಿಲ್ಲ. ಪಾಡ್ದನ ಹಿಡಿದಿರುವ ಲೆಕ್ಕವೇ ಬೇರೆ, ನನಗೆ ಅದೇ ಮುಖ್ಯ.) ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಕೆರಳುತ್ತಾಳೆ. ಇಬ್ಬರೂ ಮಾಯಕವಾಗಿ, ಲೋಕದ ಕಣ್ಣಿಗೆ ಮರೆಯಾಗಿ, ದೈವಗಳಾಗುತ್ತಾರೆ, ಅರಸನ ಊರಿಗೆ ನೆಮ್ಮದಿ ಕೊಡುವುದಿಲ್ಲ. ಇಂದಿಗೂ ಕೋಲದ ರಾತ್ರಿ ಊರಿಗೆ ಊರೇ ಕೈಮುಗಿದು ನಿಂತು ಆ ಅನ್ಯಾಯದ ಕಥೆಯನ್ನು ಕೇಳಬೇಕು. ಕಳೆದುಕೊಂಡವರಿಗೆ ಹಿಂದೆ ಬಂದು ಮಾತಾಡುವ ಹಕ್ಕನ್ನು ಕೊಟ್ಟ ಇಂಥ ಕಥನಪರಂಪರೆಯ ನೆಲದಲ್ಲಿ ಕೂತು ನೀವು ಬರೆಯುತ್ತಿದ್ದೀರಿ. ಜಾನಕಿಗೆ ಕಲ್ಲುರ್ಟಿಯಂಥ ಒಬ್ಬ ತಂಗಿ ಇದ್ದರೆ ಅವಳು ಏನು ಮಾಡುತ್ತಿದ್ದಳು, ಯೋಚಿಸಿ.

ಇನ್ನೊಂದು ಮಾತು. ಏಕಚಕ್ರದಲ್ಲಿ ಬಕಾಸುರನಿಗೆ ಸರದಿಯ ಮೇಲೆ ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ ಹೋಗುತ್ತಿದ್ದ. ಕುಂತಿ ಇದ್ದ ಮನೆಯ ಸರದಿ ಬಂದಾಗ ಅಪ್ಪ, ಅಮ್ಮ, ಮಗಳು ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಅಳುತ್ತಾರೆ. ಸರಿಯಾಗಿ ಮಾತೂ ಬಾರದ ಪುಟ್ಟ ಮಗು ಮಾತ್ರ ಒಂದು ಹುಲ್ಲುಕಡ್ಡಿ ಎತ್ತಿ, ಇದರಿಂದ ಆ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತದೆ. ಮಹಿಳೆಯರ ತಾಳಮದ್ದಳೆಯಲ್ಲಿ ಕುಂತಿಯ ಪಾತ್ರ ವಹಿಸಿ ಅರ್ಥ ಹೇಳುವಾಗ ನಾನು ಈ ಮಗುವನ್ನು ಬಿಟ್ಟು ಮುಂದೆ ಹೋದದ್ದೇ ಇಲ್ಲ. ಯಾರನ್ನು ಕಳಿಸುವುದು ಎಂದು ಊರು ವರ್ಷಗಟ್ಟಲೆ ಲೆಕ್ಕ ಹಾಕಿತು. ರಾಕ್ಷಸನನ್ನೇ ಕೊಂದರೆ ಹೇಗೆ ಎಂದು ಕೇಳಿದ್ದು ಅದೊಂದೇ. ಕುಂತಿ ಭೀಮನನ್ನು ಕಳಿಸುತ್ತಾಳೆ, ಧರ್ಮರಾಯ ಅದಕ್ಕೆ ತಾಯಿಯನ್ನು ಆಕ್ಷೇಪಿಸುತ್ತಾನೆ, ಅವಳು ಉತ್ತರ ಕೊಡುತ್ತಾಳೆ. ನಿಮ್ಮ ಕಾದಂಬರಿಯಲ್ಲಿ ಕಡಲಿನೊಂದಿಗೆ ಹೀಗೆ ಹೋರಾಡಲು ಯಾರೂ ನೋಡುವುದೇ ಇಲ್ಲ. ಓದುಗರಿಗೆ ಹೊಳೆಯುವ ದಾರಿ ನಿಮ್ಮ ಪಾತ್ರಗಳಿಗೆ ಹೊಳೆಯದಿದ್ದರೆ ಜಾನಕಿಯ ದುಃಖ ನೀವು ಕೈಯಾರೆ ಮಾಡಿಟ್ಟದ್ದು ಅಂತ ಗೊತ್ತಾಗಿಬಿಡುತ್ತದೆ. ಒಮ್ಮೆ ಹೋರಾಡಿ ಸೋಲಲಿ. ಆಮೇಲೆ ಅಜ್ಜಿಯ ಮುಂದೆ ಕೂತು ಓದಿ.

ಪ್ರಶ್ನೆ: ನನ್ನ ದೊಡ್ಡಮ್ಮ ಬೀಡಿ ಕಟ್ಟಿ ನಮ್ಮ ಅಪ್ಪ, ಚಿಕ್ಕಪ್ಪಂದಿರನ್ನೆಲ್ಲ ಓದಿಸಿದರು. ಮದುವೆ ಆಗಲಿಲ್ಲ. ಅವರ ಬಗ್ಗೆ ಕಥೆ ಬರೆಯಬೇಕೆಂದಿದ್ದೇನೆ. ಚಿಕ್ಕಪ್ಪ, "ಒಂದು ಕುಲಕ್ಕಾಗಿ ಒಬ್ಬರನ್ನು ಬಿಡಬೇಕು ಅಂತ ಮಹಾಭಾರತದಲ್ಲೇ ಇದೆ, ಅವಳನ್ನು ತ್ಯಾಗಮೂರ್ತಿ ಅಂತಲೇ ಬರಿ" ಅನ್ನುತ್ತಾರೆ. ಹಾಗೆ ಬರೆಯಲು ಕೈ ಏಳುತ್ತಿಲ್ಲ.
— ಆರ್., ಬೆಳ್ತಂಗಡಿ

ಉತ್ತರ: ಚಿಕ್ಕಪ್ಪ ಹೇಳಿದ ಶ್ಲೋಕ ಇದು: 'ತ್ಯಜೇದೇಕಂ ಕುಲಸ್ಯಾರ್ಥೇ ಗ್ರಾಮಸ್ಯಾರ್ಥೇ ಕುಲಂ ತ್ಯಜೇತ್, ಗ್ರಾಮಂ ಜನಪದಸ್ಯಾರ್ಥೇ ಆತ್ಮಾರ್ಥೇ ಪೃಥಿವೀಂ ತ್ಯಜೇತ್.' ಕುಲಕ್ಕಾಗಿ ಒಬ್ಬನನ್ನು, ಊರಿಗಾಗಿ ಕುಲವನ್ನು, ನಾಡಿಗಾಗಿ ಊರನ್ನು ಬಿಡಬೇಕು. ಮನೆಯ ಹಿರಿಯರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಇನ್ನೊಂದು ಪಾದ ಇದೆ. ಆತ್ಮಕ್ಕಾಗಿ ಇಡೀ ಭೂಮಿಯನ್ನೇ ಬಿಡಬೇಕು. ಮೂರು ಪಾದ ಹೇಳಿದವರು ನಾಲ್ಕನೆಯದನ್ನೂ ದೊಡ್ಡಮ್ಮನಿಗೆ ಹೇಳಬೇಕಿತ್ತು.

ಯಾರು ಯಾರಿಗೆ ಹೇಳಿದ್ದು ಎಂದೂ ನೋಡಿ. ಆದಿಪರ್ವದಲ್ಲಿ ದುರ್ಯೋಧನ ಹುಟ್ಟಿದಾಗ ಅಪಶಕುನಗಳಾಗುತ್ತವೆ. ಆ ಕೂಸನ್ನು ಬಿಟ್ಟುಬಿಡು ಎಂದು ಧೃತರಾಷ್ಟ್ರನಿಗೆ ಹೇಳುವವರಲ್ಲಿ ವಿದುರನೂ ಇದ್ದಾನೆ. ಆಗಲೇ ಈ ಶ್ಲೋಕ ಬರುವುದು. ಅಪ್ಪನಿಗೆ ಮನಸ್ಸು ಬರುವುದಿಲ್ಲ. ಮುಂದೆ ಕುರುಕ್ಷೇತ್ರವಾಯಿತು, ಆದ್ದರಿಂದ ವಿದುರ ಹೇಳಿದ್ದೇ ಸರಿ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ತೊಟ್ಟಿಲ ಕೂಸನ್ನು ಎತ್ತಿಕೊಂಡ ಅಪ್ಪನನ್ನು ಆ ಒಂದು ಕಾರಣಕ್ಕೆ ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಆ ಕೂಸು ಇನ್ನೂ ಏನೂ ಮಾಡಿರಲಿಲ್ಲ. ಅದೇನೇ ಇರಲಿ, ವಿದುರ ಮಾತಾಡಿದ್ದು ಅಧಿಕಾರ ಇದ್ದವನ ಹತ್ತಿರ, ನಿನ್ನದನ್ನು ನೀನು ಬಿಡು ಎಂದು. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಹಕ್ಕಿದ್ದ ಹೆಣ್ಣುಮಗಳ ತಲೆ ಮೇಲೆ ಅದೇ ಶ್ಲೋಕವನ್ನು ಹೊರಿಸುವುದು ಬೇರೆ ಕೆಲಸ.

ಅವರು ಬದುಕಿದ್ದಾರೆ ಎಂದುಕೊಂಡು ಹೇಳುತ್ತೇನೆ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಯಾಕೆ ಮದುವೆಯಾಗಲಿಲ್ಲ ಎಂದು ಮೊದಲೇ ಕೇಳಬೇಡಿ. ಬೀಡಿಯಿಂದ ಸುರು ಮಾಡಿ. ಎಲೆ ಎಷ್ಟು ಹೊತ್ತು ನೆನೆಸುತ್ತಿದ್ದರು, ತಡ್ಪೆ (ಮೊರ) ಮಡಿಲಲ್ಲಿಟ್ಟು ಎಲ್ಲಿ ಕೂರುತ್ತಿದ್ದರು, ರೇಡಿಯೊ ಇತ್ತಾ, ಸಂಜೆ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಯಾರ ಜೊತೆ ನಡೆದು ಹೋಗುತ್ತಿದ್ದರು, ಸರಿ ಇಲ್ಲ ಅಂತ ಬೀಡಿ ತೆಗೆದು ಹಾಕಿದ ದಿನ ಮನೆಗೆ ಬಂದು ಏನು ಹೇಳುತ್ತಿದ್ದರು. ಸಾವಿರದ ಲೆಕ್ಕದಲ್ಲಿ ಬಂದ ಕೂಲಿಯಿಂದ ಯಾವತ್ತಾದರೂ ತನಗಾಗಿ ಒಂದು ವಸ್ತು ಕೊಂಡದ್ದುಂಟಾ? ನನ್ನ ಶಿಷ್ಯೆಯರಲ್ಲಿ ಬೀಡಿ ಕಟ್ಟಿ ಫೀಸು ತುಂಬಿದವರು ಬಹಳ ಮಂದಿ. ಅವರ ಪುಸ್ತಕ ಬಿಡಿಸಿದರೆ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಅವರಿಗೆ ಆ ದುಡ್ಡಿನ ಬಗ್ಗೆ ಹೆಮ್ಮೆ ಇತ್ತು, ಸಿಟ್ಟೂ ಇತ್ತು, ಕೂತು ಹರಟೆ ಹೊಡೆದ ಖುಷಿಯೂ ಇತ್ತು. ದೊಡ್ಡಮ್ಮನಿಗೂ ಇವೆಲ್ಲ ಇದ್ದಿರಬೇಕು. 'ತ್ಯಾಗಮೂರ್ತಿ' ಅಂದರೆ ಇವಷ್ಟೂ ಅಳಿಸಿಹೋಗುತ್ತವೆ. 'ಪಾಪದ ಹೆಂಗಸು' ಅಂದರೂ ಅಳಿಸಿಹೋಗುತ್ತವೆ. ಕಥೆಯಲ್ಲಿ ಚಿಕ್ಕಪ್ಪನೂ ಇರಲಿ, ಅವರ ಮೊದಲ ಸಂಬಳದ ದಿನವೂ ಇರಲಿ.

ಪ್ರಶ್ನೆ: ಊರಿನ ಸುಖಕ್ಕಾಗಿ ಒಂದು ಮಗುವನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುವ ಅಮೆರಿಕದ ಕಥೆಯನ್ನು ನಮ್ಮ ಓದುಗರ ಬಳಗದಲ್ಲಿ ಓದಿದೆವು. ಅದನ್ನು ನೋಡಿ ಊರು ಬಿಟ್ಟು ಹೋಗುವವರು ಹೇಡಿಗಳು ಎಂದು ನಾನು ಹೇಳಿದೆ. ಅರ್ಧ ಜನ ನನ್ನ ಮೇಲೆ ಬಿದ್ದರು. ನೀವು ಯಾರ ಪಕ್ಷ?
— ಪಿ., ಮಣಿಪಾಲ

ಉತ್ತರ: ಅದು ಉರ್ಸುಲಾ ಲೆ ಗ್ವಿನ್ ಅವರು 1973ರಲ್ಲಿ ಪ್ರಕಟಿಸಿದ, ಓಮೆಲಾಸ್ ಎಂಬ ಊರಿನ ಕಥೆ. ಪ್ರಶ್ನೆಗೆ ಅವರಿಗಿಂತ ಮುಂಚಿನ ವಂಶಾವಳಿ ಇದೆ. 1880ರಲ್ಲಿ ಮುಗಿದ ದಾಸ್ತೊಯೆವ್‌ಸ್ಕಿಯ ಕೊನೆಯ ಕಾದಂಬರಿಯಲ್ಲಿ ಇವಾನ್ ತನ್ನ ತಮ್ಮ ಅಲ್ಯೋಷನನ್ನು ಕೇಳುತ್ತಾನೆ: ಮನುಷ್ಯರೆಲ್ಲ ಕೊನೆಗೆ ಸುಖವಾಗಿರುವಂಥ ಕಟ್ಟಡವನ್ನು ನೀನು ಕಟ್ಟುತ್ತಿದ್ದೀ, ಆದರೆ ಅದಕ್ಕೆ ಒಂದು ಪುಟ್ಟ ಮಗುವನ್ನು ಹಿಂಸಿಸಲೇಬೇಕು, ಕಟ್ಟುತ್ತೀಯಾ? ತಮ್ಮ ಇಲ್ಲ ಅನ್ನುತ್ತಾನೆ. 1891ರಲ್ಲಿ ವಿಲಿಯಂ ಜೇಮ್ಸ್ ತಮ್ಮ ಪ್ರಬಂಧವೊಂದರಲ್ಲಿ ಇಂಥದ್ದೇ ಪ್ರಶ್ನೆ ಎತ್ತಿದರು. ಲೆ ಗ್ವಿನ್ ತಮಗೆ ಕಥೆ ಸಿಕ್ಕಿದ್ದು ಅಲ್ಲಿಂದ ಎಂದು ಹೇಳಿಕೊಂಡಿದ್ದಾರೆ.

ಹೇಡಿಗಳು ಅನ್ನುವುದಕ್ಕೆ ನಾನು ಸೇರುವುದಿಲ್ಲ. ಆ ಮಗುವಿಗೆ ಒಂದು ಒಳ್ಳೆಯ ಮಾತು ಆಡಿದರೂ ಊರಿನ ಸುಖವೆಲ್ಲ ಮುಗಿಯುತ್ತದೆ ಎಂದು ಕಥೆ ಕರಾರು ಹಾಕಿದೆ. ಬಕಾಸುರನ ಕಥೆಗೆ ಭೀಮ ಬರಬಹುದು, ಇಲ್ಲಿ ಬರಲು ದಾರಿಯೇ ಇಲ್ಲ. ಮಕ್ಕಳು ಎಂಟರಿಂದ ಹನ್ನೆರಡರ ವಯಸ್ಸಿನಲ್ಲಿ ಇದನ್ನು ತಿಳಿಯುತ್ತಾರೆ, ಅಳುತ್ತಾರೆ, ಕೋಪ ಮಾಡಿಕೊಳ್ಳುತ್ತಾರೆ, ನಿಧಾನವಾಗಿ ಒಪ್ಪಿಕೊಳ್ಳುತ್ತಾರೆ. ಎದ್ದು ಹೋಗುವವರು ಆ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡವರು. ಹಾಗಂತ ನಿಮ್ಮ ಎದುರು ಪಕ್ಷಕ್ಕೂ ನಾನಿಲ್ಲ. ಅವರು ಹೋದ ಮೇಲೆ ಮಗು ಅಲ್ಲೇ ಇದೆ. ಲೇಖಕಿ ಅವರನ್ನು ಹೊಗಳುವುದೂ ಇಲ್ಲ, ಒಬ್ಬೊಬ್ಬರಾಗಿ ಕತ್ತಲೆಯಲ್ಲಿ ನಡೆದು ಹೋಗಲು ಬಿಡುತ್ತಾರೆ.

ಬಳಗದವರು ಮುಂದಿನ ಸಲ ಸೇರಿದಾಗ ಇನ್ನೊಂದು ಕಡೆಯಿಂದ ಮಾತಾಡಿ ನೋಡಿ. ಆ ಕೋಣೆಯಲ್ಲಿ ಒಂದೆರಡು ನೆಲ ಒರೆಸುವ ಕೋಲುಗಳಿವೆ, ಮಗುವಿಗೆ ಅವನ್ನು ಕಂಡರೆ ಭಯ. ಒಳ್ಳೆಯ ಮಗುವಾಗಿರುತ್ತೇನೆ, ಹೊರಗೆ ಬಿಡಿ ಎಂದು ಬೇಡುತ್ತದೆ. ಏನೂ ತಪ್ಪು ಮಾಡದ ಮಗು ತನ್ನದೇ ತಪ್ಪಿರಬೇಕು ಎಂದುಕೊಂಡಿದೆ. ಹೋದವರು, ಉಳಿದವರು ಎಂದು ನೀವು ಚರ್ಚೆ ಮಾಡುವಷ್ಟು ಹೊತ್ತೂ ಆ ಮಗುವಿನ ಬಗ್ಗೆ ಒಬ್ಬರಾದರೂ ಮಾತಾಡಿದಿರಾ? ಅರ್ಧ ಗಂಟೆ ಮಗುವಿಗೇ ಕೊಡಿ. ಆಮೇಲೆ ಪಕ್ಷ ಕಟ್ಟಿ.

ಪ್ರಶ್ನೆ: ಪುಣ್ಯಕೋಟಿ ಹಾಡಿನಲ್ಲಿ ಹುಲಿ ಯಾಕೆ ಸಾಯಬೇಕು? ಅದಕ್ಕೆ ಹಸಿವಾಗಿತ್ತು ಅಷ್ಟೇ ಅಲ್ವಾ? ಹಸಿವು ತಪ್ಪಾ? ನಾನು ಏಳನೇ ಕ್ಲಾಸು.
— ಕುಂದಾಪುರದಿಂದ ಒಬ್ಬ ಹುಡುಗ

ಉತ್ತರ: ಹಸಿವು ತಪ್ಪಲ್ಲ ಮಗಾ. ಹಾಡು ಕಟ್ಟಿದವರಿಗೆ ಹಸುವೂ ಕರುವೂ ಒಟ್ಟಿಗೆ ಇರಬೇಕಿತ್ತು, ಹಸುವಿನ ಮಾತೂ ಉಳಿಯಬೇಕಿತ್ತು. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂದ ಪುಣ್ಯಕೋಟಿ ನಿಜವಾಗಿಯೂ ಬಂದಾಗ ಅರ್ಬುತನಿಗೆ ತಡೆಯಲಾಗಲಿಲ್ಲ, ನೀನು ನನ್ನ ಒಡಹುಟ್ಟಿದ ಅಕ್ಕನ ಹಾಗೆ ಅಂದು ಪ್ರಾಣ ಬಿಟ್ಟಿತು. ಅದನ್ನು ಸಾಯಿ ಅಂತ ಯಾರೂ ಹೇಳಿರಲಿಲ್ಲ. ಆದರೆ ಅದರ ಹಸಿವಿಗೆ ಏನು ದಾರಿ ಅಂತಲೂ ಯಾರೂ ಯೋಚಿಸಲಿಲ್ಲ, ನೀನು ಯೋಚಿಸಿದ್ದೀ. ನನಗೆ ತುಂಬ ಸಂತೋಷವಾಯಿತು.

ಹುಲಿ ಬದುಕುವ ಹಾಗೆ ನೀನೇ ಒಂದು ಕಥೆ ಬರೆ. ಎರಡು ಕರಾರು: ನಿನ್ನ ಹುಲಿ ಹುಲ್ಲು ತಿನ್ನಬಾರದು, ಪುಣ್ಯಕೋಟಿ ಸುಳ್ಳು ಹೇಳಬಾರದು. ಕಷ್ಟ ಇದೆ, ನನಗೆ ಗೊತ್ತು. ಎರಡು ಪುಟ ಸಾಕು, ಅಕ್ಷರ ದೊಡ್ಡದಾಗಿರಲಿ. ಇದೇ ವಿಳಾಸಕ್ಕೆ ಕಳಿಸು, ಈ ಅಂಕಣದಲ್ಲೇ ಹಾಕೋಣ.